ಚೀಟಿ, ವಾಟ್ಸಾಪ್, ಕಾಮನ್ಸ್: ಜನರ ಬಾಯಿ ಬಿಡಿಸಿದ್ದು ಯಾವುದು?

ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಸಿಕ್ಕ ಆಲೆಮನೆ ಸಾಮಾನುಗಳನ್ನು ನಾವು ಕೆಲವರು ಸೇರಿ ಒಂದು ಹಳೇ ಮನೆಯಲ್ಲಿ ಜೋಡಿಸಿಟ್ಟಿದ್ದೇವೆ. ಕೊಪ್ಪರಿಗೆ, ಬೆಲ್ಲದ ಅಚ್ಚು, ಸೇರು, ಪಾವು ಎಲ್ಲ ಇವೆ. ಬಂದವರು ಸುಮ್ನೆ ಸೆಲ್ಫಿ ತೆಗೆದುಕೊಂಡು ಹೋಗದೆ, ತಮಗೆ ಗೊತ್ತಿರುವುದನ್ನು ಹೇಳಿ ಹೋಗಲಿ ಅಂತ ಆಸೆ.

ಮೊದಲು, ಬಂದವರು ಬರೆದು ಹಲಗೆಗೆ ಹಚ್ಚುವ ಚೀಟಿ. ‘ನಿಮ್ಮ ಅನಿಸಿಕೆ ಬರೆಯಿರಿ’ ಅಂದರೆ ಬರುವುದು ‘ಸೂಪರ್’ ಒಂದೇ. ಪ್ರಶ್ನೆ ಬದಲಾಯಿಸಿದ ಮೇಲೆ ಕಥೆಯೇ ಬೇರೆ. ಉದ್ದ ಹಿಡಿಯ, ತೂತು ತೂತಿನ ಸೌಟಿನ ಪಕ್ಕ ‘ಇದರಿಂದ ಏನು ಮಾಡುತ್ತಿದ್ದರು?’ ಅಂತ ಕೇಳಿದೆವು. ಯಾರೋ ‘ಬೂಂದಿ ಕರಿಯೋಕೆ’ ಅಂತ ಬರೆದರು. ಅದರ ಕೆಳಗೇ ಇನ್ಯಾರೋ ‘ಅಲ್ಲ, ಕೊಳೆ ತೆಗೆಯೋಕೆ’ ಅಂತ ತಿದ್ದಿದರು. ಆಮೇಲೆ ಹಲಗೆ ಮುಂದೆ ಜನ ನಿಂತು ವಾದ ಮಾಡತೊಡಗಿದರು. ನಮಗೆ ಬೇಕಿದ್ದದ್ದೂ ಅದೇ ಅಲ್ವಾ?

ಅದೇ ಸೌಟಿನ ಫೋಟೋ ವಾಟ್ಸಾಪ್ ಗುಂಪಿಗೆ ಹೋಯಿತು. ಬರೆಯಲು ಬೇಸರವಿರುವ ಹಿರಿಯರು ಇಲ್ಲಿ ಮಾತಾಡಿ ಕಳಿಸುತ್ತಾರೆ. ಕಬ್ಬಿನ ಹಾಲು ಕಾಯುವಾಗ ಸುಣ್ಣದ ತಿಳಿ, ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕುವುದು, ಕೊಳೆ ನೊರೆಯಾಗಿ ಮೇಲೆ ಬಂದರೆ ಸೌಟಿನಲ್ಲಿ ಬಾಚುವುದು, ಎಲ್ಲವನ್ನೂ ಒಬ್ಬ ಅಜ್ಜ ಬಿಡಿಸಿ ಹೇಳಿದರು. ಯಾವ ಚೀಟಿಯಲ್ಲೂ ಇಷ್ಟು ಹಿಡಿಸುತ್ತಿರಲಿಲ್ಲ. ಆದರೆ ಗುಡ್ ಮಾರ್ನಿಂಗ್‌ಗಳ ರಾಶಿಯಡಿ ಅದನ್ನು ಮತ್ತೆ ಹುಡುಕುವುದು ದೊಡ್ಡ ತಲೆನೋವು.

ಮೂರನೆಯದು ವಿಕಿಮೀಡಿಯ ಕಾಮನ್ಸ್. ಯಾರು ಬೇಕಾದರೂ ಬಳಸಬಹುದಾದ ಫೋಟೋಗಳನ್ನು ಕೂಡಿಡುವ ಈ ಜಾಲತಾಣ 2004ರಿಂದ ಇದೆ. ಫೋಟೋ ಕೆಳಗೆ ಕನ್ನಡದಲ್ಲೇ ವಿವರ ಬರೆಯಬಹುದು, ಕನ್ನಡ ವಿಕಿಪೀಡಿಯಕ್ಕೂ ಬಳಸಬಹುದು. ಆದರೆ ಅಲ್ಲಿ ಹಾಕಿದ ಫೋಟೋವನ್ನು ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು ಅಂದಾಗ, ಸಾಮಾನು ಕೊಟ್ಟ ಕೆಲವರು ಹಿಂಜರಿದರು. ನಮ್ಮೂರಿನವರು ಅಲ್ಲಿಗೆ ಬಂದು ಬರೆದದ್ದಂತೂ ಇಲ್ಲವೇ ಇಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಫೋಟೋ ಹಂಚುವ ಜಾಲತಾಣ ಫ್ಲಿಕರ್‌ನಲ್ಲಿ 3,000ದಷ್ಟು ಹಳೇ ಫೋಟೋ ಹಾಕಿದಾಗ ಜನ ಮುಗಿಬಿದ್ದು ಮಾಹಿತಿ ಸೇರಿಸಿದ್ದರು. ಆದರೆ ನಮ್ಮ ಸೌಟಿನ ವಿಷಯ ಗೊತ್ತಿರುವವರು ಮದ್ದೂರು, ಪಾಂಡವಪುರದ ಕಡೆ ಇದ್ದಾರೆ. ಅವರಿಗೆ ಖಾತೆ, ಪಾಸ್‌ವರ್ಡ್ ಯಾಕೆ ಬೇಕು?

ಕೈಯಲ್ಲಿ ದುಡ್ಡು, ಜನ ಎರಡೂ ಕಡಿಮೆ ಇದ್ದರೆ ಪ್ರಶ್ನೆ ಬರೆದ ಚೀಟಿಯೇ ಸಾಕು. ವಾಟ್ಸಾಪ್ ಬೇಕೆಂದರೆ ಬಂದ ದಿನವೇ ಆಡಿಯೋ ಇಳಿಸಿಕೊಂಡು ಊರು, ವಿಷಯ ಬರೆದಿಡುವವರು ಒಬ್ಬರು ಬೇಕೇ ಬೇಕು. ನಾವೀಗ ಹಾಗೆ ಬರೆದಿಟ್ಟದ್ದನ್ನು, ಹೇಳಿದವರು ಒಪ್ಪಿದರೆ, ಕಾಮನ್ಸ್ ಫೋಟೋದ ವಿವರಕ್ಕೆ ಸೇರಿಸುತ್ತಿದ್ದೇವೆ.