ಟೆರೇಸಿನ ಮೇಲೆ ಟೆಲಿಸ್ಕೋಪು, ಜೊತೆಗೆ ಎರಡು ಕೆಜಿ ರಾಗಿ ಹಿಟ್ಟು

ಈ ಟೆಲಿಸ್ಕೋಪಿಗೆ ನಾನು ಕೊಟ್ಟಿದ್ದು ನಾಲ್ಕು ಸ್ಟಾರ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 525 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರೆದಿತ್ತು. ನಂಬಬೇಡಿ. 70 ಎಂಎಂ ಲೆನ್ಸಿಗೆ 140 ಪಟ್ಟು ದಾಟಿದರೆ ಬರೀ ಮಸುಕು. ಪಟ್ಟು ಹೆಚ್ಚಿಸೋಕೆ ಅಂತ ಜೊತೆಗೆ ಕೊಟ್ಟ ಬಾರ್ಲೋ ಲೆನ್ಸು ಈಗ ನಮ್ಮನೆ ಡ್ರಾಯರಿನಲ್ಲಿ ಹಳೇ ಚಾರ್ಜರುಗಳ ಜೊತೆ ಮಲಗಿದೆ. ಆನ್‌ಲೈನ್‌ನಲ್ಲಿ ಆರೂವರೆ ಸಾವಿರಕ್ಕೆ ತರಿಸಿದ್ದು. ಕಂಪನಿ ಹೆಸರು ಬೇಡ.

ಸ್ಟ್ಯಾಂಡ್ ಅಂತೂ ಪೂರ್ತಿ ದಂಡ. ಬೆಂಗಳೂರಿನ ಲಿಂಗರಾಜಪುರದಲ್ಲಿ ನಮ್ಮನೆ ರೈಲ್ವೆ ಹಳಿಗೆ ಹತ್ತಿರ. ರೈಲು ಬಂದರೆ ಗುರುಗ್ರಹ ಕುಣಿಯುತ್ತೆ. ಕೊನೆಗೆ ಅಮ್ಮನ ಐಡಿಯಾ: ಮೂರು ಕಾಲಿನ ಮಧ್ಯೆ ಎರಡು ಕೆಜಿ ರಾಗಿ ಹಿಟ್ಟಿನ ಚೀಲ ನೇತುಹಾಕಿದೆವು. ಈಗ ಪರವಾಗಿಲ್ಲ.

ಮತ್ತೆ ಯಾಕೆ ನಾಲ್ಕು ಸ್ಟಾರ್ ಅಂತೀರಾ? 20 ಎಂಎಂ ಐಪೀಸ್ (ಕಣ್ಣಿಡೋ ಕಡೆಯ ಲೆನ್ಸು) ಹಾಕಿದರೆ 35 ಪಟ್ಟು. ಅಷ್ಟು ಸಾಕು. ಗುರುವಿನ ಪಕ್ಕ ನಾಲ್ಕು ಚುಕ್ಕಿ ಸಾಲಾಗಿ ಕಾಣುತ್ತೆ, 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಚಂದ್ರ. ಒಳಗಿನದ್ದು, ಅಯೋ, ನಲವತ್ತೆರಡೂವರೆ ಗಂಟೆಗೆ ಒಂದು ಸುತ್ತು. ಆಪ್‌ನಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಗ್ರಹದ ಹಿಂದೆ ಹೋಯಿತು. ಈ ಊರಲ್ಲಿ ಹೇಳಿದ ಟೈಮಿಗೆ ನಡೆಯೋ ಒಂದು ವಿಷಯವನ್ನು ನಾನು ನೋಡಿ ಎಷ್ಟು ದಿನ ಆಗಿತ್ತು!

ಆದರೆ ನಾನು ಬರೆಯೋಕೆ ಕೂತಿದ್ದು ಕೃತ್ತಿಕೆ ಅನ್ನೋ ನಕ್ಷತ್ರಗಳ ಗುಂಪಿಗಾಗಿ. ಡಿಸೆಂಬರ್ ರಾತ್ರಿ ಅದು ಹೆಚ್ಚುಕಡಿಮೆ ನೆತ್ತಿ ಮೇಲೆ ಇರುತ್ತೆ, ನೋಡೋಕೆ ಚಾಪೆ ಮೇಲೆ ಕೂತು ಕತ್ತು ಮುರ್ಕೋಬೇಕು. ನಮ್ಮ ಬೀದಿ ದೀಪಗಳ ಬೆಳಕಲ್ಲಿ ಬರಿಗಣ್ಣಿಗೆ ನಾಲ್ಕೈದು ನಕ್ಷತ್ರ ಸಿಕ್ಕರೆ ಪುಣ್ಯ. ಟೆಲಿಸ್ಕೋಪಿನಲ್ಲಿ ಹತ್ತಾರು, ನೀಲಿ ಛಾಯೆಯ ಪುಡಿ ಚೆಲ್ಲಿದ ಹಾಗೆ. ಸುಮಾರು 440 ಜ್ಯೋತಿರ್ವರ್ಷ ದೂರ. ನನ್ನ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ಕೆಂಪೇಗೌಡರು ಕಟ್ಟಿದ ಬೆಂಗಳೂರಿಗೆ ಇನ್ನೂ ಐವತ್ತು ವರ್ಷದ ಆಸುಪಾಸು.

ಅಪ್ಪನಿಗೆ ಪಾರ್ಶ್ವವಾಯು ಆದಾಗಿನಿಂದ ನಾನು ದೇವರ ಹತ್ರ ಜಗಳ ಆಡ್ತಾ ಇದ್ದೆ. ಯಾಕೆ ಅಂತ ಒಂದೇ ಪ್ರಶ್ನೆ. ಸಂಡೇ ಸ್ಕೂಲಿನಲ್ಲಿ ಕೇಳಿದ ಬೈಬಲ್‌ನ ಯೋಬನ ಕಥೆ ನೆನಪಾದರೆ ಕೋಪ ಬರುತ್ತಿತ್ತು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳ್ಕೊಂಡವನು ಯಾಕೆ ಅಂತ ಕೇಳಿದರೆ, ದೇವರು ಉತ್ತರ ಕೊಡದೆ ತಿರುಗಿಸಿ ಕೇಳುತ್ತಾನೆ: ಕೃತ್ತಿಕೆಯನ್ನು ಕಟ್ಟಿ ಹಿಡಿಯೋಕೆ ನಿನ್ನ ಕೈಲಾಗುತ್ತಾ? ಇದು ದಬಾಯಿಸೋದು ಅಲ್ವಾ, ಅಂದ್ಕೊಂಡಿದ್ದೆ. ನಮ್ಮ ಮ್ಯಾನೇಜರುಗಳು ಮಾಡೋ ಥರ.

ಚಾಪೆ ಮೇಲೆ ಕೂತು ನೋಡಿದಾಗ ಹಾಗೆ ಅನ್ನಿಸಲಿಲ್ಲ. ಆ ನಕ್ಷತ್ರಗಳು ಒಟ್ಟಿಗೆ ಹುಟ್ಟಿ, ಒಂದನ್ನೊಂದು ಎಳ್ಕೊಂಡು, ಒಟ್ಟಿಗೇ ಸಾಗ್ತಿವೆ. (ಸೈನ್ಸ್ ಬೈಬಲ್‌ನಲ್ಲೇ ಇತ್ತು ಅಂತ ಯಾರೂ ದಯವಿಟ್ಟು ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ.) ಅಷ್ಟು ದೊಡ್ಡದನ್ನು ಸದ್ದಿಲ್ಲದೆ ಹಿಡಿದಿರೋ ಕೈ ನಮ್ಮನೆ ವಿಷಯದಲ್ಲಿ ಮಾತ್ರ ಜಾರಿದೆ ಅಂತ ನಾನು ಎರಡು ವರ್ಷದಿಂದ ನಂಬಿದ್ದೆ. ಆ ರಾತ್ರಿ ಅದು ನಂಬೋಕೆ ಕಷ್ಟ ಆಯಿತು. ಉತ್ತರ ಸಿಕ್ಕಿಲ್ಲ, ನಿಜ. ಅಪ್ಪನ ಬಲಗೈ ಇನ್ನೂ ಮೊದಲಿನ ಹಾಗಿಲ್ಲ. ಆದರೆ ನಾನು ಕೇಳೋ ದನಿ ಬದಲಾಗಿದೆ.

ಕೊಳ್ಳೋರಿಗೆ ಎರಡು ಮಾತು. ಹುಣ್ಣಿಮೆ ದಿನ ಚಂದ್ರನನ್ನು ನೋಡಬೇಡಿ, ಕಣ್ಣು ಕುಕ್ಕುತ್ತೆ, ಕುಳಿಗಳ ನೆರಳೂ ಕಾಣಲ್ಲ. ಅಷ್ಟಮಿ ಹೊತ್ತಿಗೆ ನೋಡಿ. ಸೂರ್ಯನ ಕಡೆ ಅಪ್ಪಿತಪ್ಪಿಯೂ ತಿರುಗಿಸಬೇಡಿ.

ಕಳೆದ ಶನಿವಾರ ಅಪ್ಪನನ್ನು ಮೆಲ್ಲಗೆ ಟೆರೇಸಿಗೆ ಹತ್ತಿಸಿದೆವು. ಎಡಗೈಯಲ್ಲೇ ಫೋಕಸ್ ತಿರುಗಿಸಿದರು, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈ ಸ್ಕ್ರೂ ಲೂಸ್ ಇದೆ, ಸ್ಪ್ಯಾನರ್ ತಗೊಂಬಾ" ಅಂದರು.