ಪೆನ್ ಮಾಡೋಕೆ ಹಳೆ ಮಿನಿ ಲೇತ್ ತಗೊಳ್ತಿದ್ದೀರಾ? ಮೊದಲು ಸ್ಪಿಂಡಲ್ ಒಳಗೆ ನೋಡಿ

ಮರದ ಪೆನ್ ಮಾಡೋ ಹವ್ಯಾಸಕ್ಕೆ ಸೆಕೆಂಡ್ ಹ್ಯಾಂಡ್ ಮಿನಿ ಲೇತ್ (ಮರ ತಿರುಗಿಸ್ತಾ ಕಡೆಯೋ ಸಣ್ಣ ಮೆಷಿನ್) ಹುಡುಕ್ತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾನು ತಗೊಂಡಿದ್ದು ಬೆಂಗಳೂರಲ್ಲಿ ಹಳೆ ಮೆಷಿನ್ ಮಾರೋ ಒಬ್ರ ಹತ್ರ, ಹೊಸದಾಗಿ ಪೇಂಟ್ ಹೊಡೆದಿದ್ರು, "ಬೇರಿಂಗ್ ಎಲ್ಲಾ ಹೊಸದು ಸಾರ್, ಕಣ್ಮುಚ್ಕೊಂಡು ತಗೊಳ್ಳಿ" ಅಂದ್ರು, ಖಾಲಿ ಓಡಿಸಿ ತೋರಿಸಿದ್ರು, ಸದ್ದೇ ಇರಲಿಲ್ಲ.

ಮನೇಲಿ ಸ್ಪಿಂಡಲ್‌ಗೆ (ಮೋಟರ್ ತಿರುಗಿಸೋ ಟೊಳ್ಳು ದಂಡ) ಮ್ಯಾಂಡ್ರೆಲ್, ಅಂದ್ರೆ ಪೆನ್ನಿನ ಮರ ಪೋಣಿಸೋ ತೆಳು ಕಂಬಿ, ಹಾಕಿ ಪೆನ್ ಕಡೆದಾಗ ಬಣ್ಣ ಬಯಲಾಯ್ತು. ಮರ ದುಂಡಗೇ ಇದೆ, ಆದ್ರೆ ಕ್ಲಿಪ್ ಕೂರಿಸಿದ್ರೆ ಒಂದು ಕಡೆ ಮರ ಉಬ್ಬಿಕೊಂಡಿದೆ, ಇನ್ನೊಂದು ಕಡೆ ಸವೆದು ಒಳಗೆ ಅಂಟಿಸಿರೋ ಹಿತ್ತಾಳೆ ಟ್ಯೂಬೇ ಕಾಣ್ತಿದೆ. ಸ್ಲಿಮ್‌ಲೈನ್ ಅನ್ನೋ ತೆಳು ಪೆನ್ನಲ್ಲಿ 7 ಮಿ.ಮೀ. ಟ್ಯೂಬ್ ಮೇಲೆ ತುದೀಲಿ ಉಳಿಯೋ ಮರ 1 ಮಿ.ಮೀ.ಗಿಂತ ಕಮ್ಮಿ, ಹಾಗಾಗಿ ಮ್ಯಾಂಡ್ರೆಲ್ ಕೂದಲೆಳೆಯಷ್ಟು ವಾಲಿದ್ರೂ ಪೆನ್ ಹಾಳು. ಟೇಲ್‌ಸ್ಟಾಕ್ (ಇನ್ನೊಂದು ತುದಿಯಿಂದ ಒತ್ತಿ ಹಿಡಿಯೋ ಭಾಗ) ಜಾಸ್ತಿ ಬಿಗಿ ಮಾಡಿದ್ರೂ ಮ್ಯಾಂಡ್ರೆಲ್ ಬಾಗುತ್ತೆ, ಅದಕ್ಕೇ ಸಡಿಲ ಮಾಡಿ ನೋಡ್ದೆ, ಬೇರೆ ಮ್ಯಾಂಡ್ರೆಲ್ ತಂದು ಹಾಕ್ದೆ, ಅದೇ ಕಥೆ. ಕೊನೆಗೆ ಟಾರ್ಚ್ ಬಿಟ್ಟು ನೋಡಿದ್ರೆ ಸ್ಪಿಂಡಲ್ ಒಳಗಿನ ಮೋರ್ಸ್ ಟೇಪರ್ (ಮ್ಯಾಂಡ್ರೆಲ್ ಬುಡ ಬಿಗಿಯಾಗಿ ಕೂರೋ, ಒಳಗೆ ಹೋಗ್ತಾ ಕಿರಿದಾಗೋ ತೂತು) ಪೂರ್ತಿ ಆಳವಾದ ಗೀರು. ಹಿಂದೆ ಯಾರೋ ಸೆಂಟರ್ (ಮರ ಹಿಡಿಯೋ ಚೂಪು ಮೂತಿಯ ತುಂಡು) ಸರಿಯಾಗಿ ಕೂರಿಸದೆ ಓಡಿಸಿದ್ದಾರೆ, ಅದು ಒಳಗೇ ಜಾರಿ ಜಾರಿ ತಿರುಗಿ ಉಜ್ಜಿಹಾಕಿದೆ. ಸಣ್ಣ ಗೀರಾದ್ರೆ ತೂತು ಹೆರೆಯೋ ಟೇಪರ್ ರೀಮರ್‌ನಿಂದ ಕೈಯಲ್ಲೇ ಕ್ಲೀನ್ ಮಾಡಬಹುದು, ಇಷ್ಟು ಆಳಕ್ಕೆ ಸ್ಪಿಂಡಲ್ಲೇ ಬದಲಾಯಿಸ್ಬೇಕು.

ಪ್ಲಗ್ ಬಿಚ್ಚಿದಾಗಂತೂ ಮೈ ಉರಿದುಹೋಯ್ತು. ಮೂರು ಪಿನ್ ಇದೆ, ಅರ್ತ್ ವೈರೇ ಕೊಟ್ಟಿಲ್ಲ! ಪೂರ್ತಿ ಕಬ್ಬಿಣದ ಮೆಷಿನ್, ಮನೇಲಿ ಮಕ್ಕಳು ಓಡಾಡ್ತಾರೆ. ಫೋನ್ ಮಾಡಿದ್ರೆ "ಮಾರಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂದ್ರು.

ಹಾಗಾಗಿ ದುಡ್ಡು ಕೊಡೋ ಮುಂಚೆ ಸಾಕೆಟ್ಟಿಂದ ಪ್ಲಗ್ ತೆಗೆಸಿ, ಸ್ಪಿಂಡಲ್ ಒಳಗೆ ಬೆರಳಾಡಿಸಿ, ನುಣ್ಣಗಿರ್ಬೇಕು, ತರಿತರಿ ಸಿಕ್ಕಿದ್ರೆ ಬೇಡ. ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಇದ್ರೆ ಬೇರಿಂಗ್ ಸವೆದಿದೆ ಇಲ್ಲಾ ಸಡಿಲ ಆಗಿದೆ ಅಂತ ಅರ್ಥ. ಎರಡೂ ಕಡೆ ಚೂಪು ಸೆಂಟರ್ ಹಾಕಿ ಮೂತಿಗೆ ಮೂತಿ ತನ್ನಿ, ಸ್ಪಿಂಡಲ್ ಕೈಯಲ್ಲೇ ತಿರುಗಿಸಿದಾಗ ಸ್ಪಿಂಡಲ್ ಇರೋ ಹೆಡ್‌ಸ್ಟಾಕ್ ಕಡೆ ಮೂತಿ ಸುತ್ತು ಹಾಕಬಾರದು. ಸೆಂಟರ್ ಅವ್ರ ಹತ್ರ ಇಲ್ಲ ಅಂದ್ರೆ ನೀವೇ ಒಂದು ಜೊತೆ ತಗೊಂಡು ಹೋಗಿ, ಹಾಕೋಕೆ ಬಿಡಲ್ಲ ಅಂದ್ರೆ ಅಡ್ವಾನ್ಸೂ ಕೊಡದೆ ವಾಪಸ್ ಬನ್ನಿ.