ಡಿಎನ್‌ಎಸ್ ಬದಲಿಸುವುದು ರೌಟರ್‌ನಲ್ಲೋ, ಕಂಪ್ಯೂಟರ್‌ನಲ್ಲೋ?

ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅದನ್ನು ಗುರುತಿಸುವ ಅಂಕಿಗಳು) ಹುಡುಕಿಕೊಡುವುದು ಡಿಎನ್‌ಎಸ್. ಇಂಟರ್ನೆಟ್ ಕಂಪನಿಯದನ್ನು ಬಿಟ್ಟು ಬೇರೆ ಹಾಕಬೇಕು ಅಂತಿದ್ದೀರಿ. ಎಲ್ಲಿ ಹಾಕುವುದು?

ರೌಟರ್‌ನಲ್ಲಿ ಒಮ್ಮೆ ಹಾಕಿದರೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅದೇ. ಮಕ್ಕಳಿರುವ ಮನೆಗೆ ನನ್ನ ವೋಟು ಇದಕ್ಕೇ. ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ 1.1.1.3 ಹಾಕಿದರೆ ವಯಸ್ಕರ ಸೈಟುಗಳು, ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಸೈಟುಗಳು ಬ್ಲಾಕ್ ಆಗುತ್ತವೆ. ಎರಡನೇ ಖಾನೆಗೆ 1.0.0.3 ಹಾಕಿ. ಅಲ್ಲಿ ಗೂಗಲ್‌ನ 8.8.8.8 ಬರೆದರೆ ಒಮ್ಮೊಮ್ಮೆ ವಿಳಾಸ ಕೇಳುವ ಪ್ರಶ್ನೆ ಅತ್ತ ಹೋಗುತ್ತದೆ, ಫಿಲ್ಟರ್ ಹಾಕಿದ್ದು ಸುಮ್ನೆ ದಂಡ. ರೌಟರ್ ತಳದ ಚೀಟಿಯಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1, ಬ್ರೌಸರ್‌ನಲ್ಲಿ ಹೊಡೆದು ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ಐಪಿ ವಿಳಾಸ, ಡಿಎನ್‌ಎಸ್ ಹಂಚುವ ವ್ಯವಸ್ಥೆ) ಪುಟ ಹುಡುಕಿ. ಕಂಪನಿ ಕೊಟ್ಟ ಕೆಲವು ರೌಟರ್‌ಗಳಲ್ಲಿ ಡಿಎನ್‌ಎಸ್ ಖಾನೆಯೇ ಲಾಕ್ ಆಗಿರುತ್ತದೆ.

ಕಂಪ್ಯೂಟರ್‌ನಲ್ಲಿ ಹಾಕಿದರೆ ಅದೊಂದಕ್ಕೇ. ಪಿಜಿಯಲ್ಲಿ ರೌಟರ್ ಪಾಸ್‌ವರ್ಡ್ ನಿಮ್ಮ ಕೈಲಿರುವುದಿಲ್ಲ, ಅಲ್ವಾ? ಆಗ ಇದೇ ದಾರಿ. ವಿಂಡೋಸ್ 11ರಲ್ಲಿ ವೈಫೈನ ಹಾರ್ಡ್‌ವೇರ್ ಪ್ರಾಪರ್ಟೀಸ್‌ಗೆ ಹೋಗಿ, ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎದುರಿನ ಎಡಿಟ್ ಒತ್ತಿ. ಹೋಟೆಲ್ ವೈಫೈನ ಲಾಗಿನ್ ಪುಟ ತೆರೆಯದಿದ್ದರೆ ಮತ್ತೆ ಆಟೋಮ್ಯಾಟಿಕ್ ಮಾಡಿ ನೋಡಿ.

ಒಂದು ಮಾತು. ಕಂಪ್ಯೂಟರ್‌ನಲ್ಲಿ ಹಾಕಿದ್ದು ಸಾಮಾನ್ಯವಾಗಿ ರೌಟರಿನದನ್ನು ಮೀರುತ್ತದೆ. ಮಗನಿಗೆ ಇದು ಗೊತ್ತಾಗಲು ಜಾಸ್ತಿ ದಿನ ಬೇಡ.